ಬೆಂಕಿಯಿಲ್ಲದೆ ಸುಣ್ಣ ಕುದಿಯುವುದೇಕೆ?

ಪ್ರಶ್ನೆ: ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅದು ಕೊತಕೊತ ಕುದಿಯುತ್ತದೆ. ಯೂರಿಯಾ ಕರಗಿಸಿದರೆ ಬಕೆಟ್ಟೇ ತಣ್ಣಗಾಗುತ್ತದೆ. ಈ ಬಿಸಿ ಬರುವುದೆಲ್ಲಿಂದ, ಹೋಗುವುದೆಲ್ಲಿಗೆ?
– ಓದುಗರೊಬ್ಬರು, ತರೀಕೆರೆ

ಉತ್ತರ: ನಿಮ್ಮ ಬಾನಿಯಲ್ಲಿ ಕುದಿಯುತ್ತಿರುವುದು ಸುಣ್ಣದ ಗೂಡಿನ ಬೆಂಕಿ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ಹೀಗೆ ಒಡೆಯಲು ಪ್ರತಿ ಮೋಲ್‌ಗೆ ಸುಮಾರು 178 ಕಿಲೋಜೂಲ್ ಶಕ್ತಿ ಬೇಕು. ಸೌದೆಯೋ ಕಲ್ಲಿದ್ದಲೋ ಕೊಟ್ಟ ಆ ಶಕ್ತಿ ಎಲ್ಲೂ ಹೋಗಿರುವುದಿಲ್ಲ. ಗೂಡು ಆರಿ, ಸುಣ್ಣ ಮುಟ್ಟಿದರೆ ತಣ್ಣಗಿದ್ದರೂ, ಅದರ ಕಣಗಳ ಜೋಡಣೆಯಲ್ಲಿ ಅಡಗಿ ಕುಳಿತಿರುತ್ತದೆ.

ಅದು ಮರಳಿ ಬರುವುದು ಎರಡು ಕಂತಿನಲ್ಲಿ. ನೀರು ಸೋಕಿದ ಕೂಡಲೇ ಮೊದಲ ಕಂತು: ಮೋಲ್‌ಗೆ ಸುಮಾರು 65 ಕಿಲೋಜೂಲ್. ಹೊಸ ಬಂಧಗಳು ಕೂಡುವಾಗ ಹೊರಬೀಳುವ ಶಕ್ತಿ, ಹಳೆಯವನ್ನು ಬಿಡಿಸಲು ಬೇಕಾದ್ದಕ್ಕಿಂತ ಹೆಚ್ಚು. ಆ ಹೆಚ್ಚುವರಿಯೇ ಬಿಸಿ. ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣ ಅರಳುವಾಗ ಕೊಡುವ ಶಾಖ, ಏನೂ ಪೋಲಾಗದಿದ್ದರೆ, ಮೂರು ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಉಳಿದ 113 ಕಿಲೋಜೂಲ್ ಬರುವುದು ನಿಧಾನವಾಗಿ. ಕಡೂರಿನ ಹಳೆಯ ಮನೆಯ ಗೋಡೆಗೆ ಬಳಿದ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದಲ್ಲ, ಆಗ. ಅದು ಎಷ್ಟು ದಿನಗಳ ಕೆಲಸವೆಂದರೆ ಗೋಡೆ ಬೆಚ್ಚಗಾದದ್ದೇ ಗೊತ್ತಾಗುವುದಿಲ್ಲ. 65 ಮತ್ತು 113 ಕೂಡಿದರೆ ಗೂಡು ಕೊಟ್ಟ ಅದೇ 178! ಲೆಕ್ಕ ಇಷ್ಟು ಚೊಕ್ಕವಾಗಿ ಕೂಡುವುದು ನನಗೆ ಇಂದಿಗೂ ಬೆರಗಿನ ವಿಷಯ.

ಯೂರಿಯಾದ್ದು ಇದಕ್ಕೆ ತಿರುಗುಮುರುಗು. ಅದು ಕರಗುವುದು ರಾಸಾಯನಿಕ ಕ್ರಿಯೆಯಲ್ಲ, ಆದರೆ ನಿಯಮ ಅದೇ. ಹರಳಿನ ಕಣಗಳನ್ನು ಬಿಡಿಸಲು ಬೇಕಾದಷ್ಟು ಶಕ್ತಿ ನೀರಿನೊಡನೆ ಬೆರೆಯುವಾಗ ಸಿಗುವುದಿಲ್ಲ; ಕೊರತೆಯನ್ನು ನೀರಿನ ಶಾಖವೇ ತುಂಬುತ್ತದೆ. ಅಜ್ಜಂಪುರದ ಈರುಳ್ಳಿ ಬೆಳೆಗಾರರು ಹತ್ತು ಲೀಟರ್ ನೀರಿಗೆ ಒಂದು ಕಿಲೋ ಯೂರಿಯಾ ಹಾಕಿದರೆ ಐದಾರು ಡಿಗ್ರಿ ತಂಪಾದೀತು.

ಇನ್ನು ನಿಮ್ಮ ಬೋರ್ಡೋ ದ್ರಾವಣದ ವಿಷಯ. ಅಡಿಕೆಯ ಕೊಳೆರೋಗಕ್ಕೆ ಅದರ ಸಿಂಪಡಣೆಯನ್ನು ಮೈಸೂರು ಸಂಸ್ಥಾನದ ತೋಟಗಳಲ್ಲಿ ರೂಢಿಗೆ ತಂದವರು 1908ರಲ್ಲಿ ಇಲ್ಲಿಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅದಕ್ಕೆ ಮುಂಚೆ ಗೊನೆಗೆ ಹೊದಿಕೆಯಾಗಿ ಕೊಟ್ಟೆ ಕಟ್ಟುವುದೇ ಕಾಪಾಡುವ ದಾರಿಯಾಗಿತ್ತು. ಇಂದು ಬಳಸುವ ಅಳತೆ: ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣದ ನೀರು ಪೂರ್ತಿ ಆರಿದ ಮೇಲೇ ಎರಡನ್ನೂ ಬೆರೆಸಿ, ಬಿಸಿಯಲ್ಲಿ ದ್ರಾವಣ ಕೆಡುತ್ತದೆ. ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದಿ ನೋಡಿ. ಕೆಂಪು ತಾಮ್ರ ಅಂಟಿದರೆ ಇನ್ನಷ್ಟು ಸುಣ್ಣ ಬೇಕು.

ಸುಣ್ಣ ಅರಳಿಸುವಾಗ ತೆಳು ಪ್ಲಾಸ್ಟಿಕ್ ಬಕೆಟ್ ಬೇಡ. ಸುಣ್ಣದ ರಾಶಿಗೆ ಚೂರು ನೀರು ಸುರಿಯಬೇಡಿ, ಸಿಡಿಯುತ್ತದೆ. ಸಾಕಷ್ಟು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಸುಣ್ಣ ಹಾಕಿ. ಕನ್ನಡಕ ಧರಿಸಿ, ಮಕ್ಕಳನ್ನು ದೂರವಿಡಿ. ಕಣ್ಣಿಗೆ ಹಾರಿದರೆ ತಡಮಾಡದೆ ಹದಿನೈದು ನಿಮಿಷವಾದರೂ ನೀರಿನಿಂದ ತೊಳೆಯುತ್ತಿರಿ, ಆಮೇಲೆ ನೇರ ಆಸ್ಪತ್ರೆಗೆ ಹೋಗಿ.