ಪರದೇಶದ ವ್ಯಾಸಂಗ: ಆರೋಗ್ಯದ ಮೊದಲ ಪಾಠಗಳು

1914ರಲ್ಲಿ ಮದರಾಸಿನಿಂದ ಕೇಂಬ್ರಿಜ್ಜಿಗೆ ತೆರಳಿದ ಗಣಿತಜ್ಞ ಶ್ರೀನಿವಾಸ ರಾಮಾನುಜನ್ನರನ್ನು ಕುರಿತು, ಅಲ್ಲಿ ಅವರ ಮಿತ್ರರಾಗಿದ್ದ ಪಿ. ಸಿ. ಮಹಲನೋಬಿಸ್ ಅವರು ಹೇಳಿದ ಪ್ರಸಂಗವೊಂದಿದೆ. ಚಳಿ ಏರತೊಡಗಿದ್ದ ದಿನಗಳು. ರಾತ್ರಿ ಬೆಚ್ಚಗಿರುತ್ತದೆಯೇ ಎಂದು ಮಹಲನೋಬಿಸ್ ವಿಚಾರಿಸಿದರು. ಮೇಲಂಗಿ ತೊಟ್ಟು, ಶಾಲು ಹೊದ್ದು ಮಲಗಿದರೂ ಚಳಿ ತಡೆಯಲಾಗುತ್ತಿಲ್ಲವೆಂದು ರಾಮಾನುಜನ್ ಉತ್ತರಿಸಿದರು. ಕೋಣೆಗೆ ಹೋಗಿ ನೋಡಿದರೆ ಮಂಚದ ಮೇಲೆ ಕಂಬಳಿಗಳಿಗೇನೂ ಕೊರತೆಯಿರಲಿಲ್ಲ. ಆ ದೇಶದ ಪದ್ಧತಿಯಂತೆ ಅವುಗಳನ್ನು ಹಾಸಿಗೆಯ ಅಂಚಿಗೆ ಬಿಗಿಯಾಗಿ ಸೇರಿಸಿ, ಮೇಲೊಂದು ಹೊದಿಕೆ ಹರಡಲಾಗಿತ್ತು. ಕಂಬಳಿಯನ್ನು ಸರಿಸಿ ಅದರೊಳಗೆ ಮಲಗಬೇಕೆಂಬುದನ್ನು ಆ ಮಹಾ ಮೇಧಾವಿಗೆ ಯಾರೂ ತಿಳಿಸಿರಲಿಲ್ಲ; ಅವರೂ ಯಾರನ್ನೂ ಕೇಳಿರಲಿಲ್ಲ.

ಸಸ್ಯಾಹಾರಿಗಳಾಗಿದ್ದ ರಾಮಾನುಜನ್ ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಯುದ್ಧಕಾಲದಲ್ಲಿ ಬೇಕಾದ ಸಾಮಗ್ರಿ ದೊರೆಯುವುದೇ ಕಷ್ಟವಾಯಿತು. 1917ರಲ್ಲಿ ಕಾಯಿಲೆ ಬಿದ್ದು, 1919ರಲ್ಲಿ ಸ್ವದೇಶಕ್ಕೆ ಮರಳಿದ ಅವರು 1920ರ ಏಪ್ರಿಲ್‌ನಲ್ಲಿ, ತಮ್ಮ 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ರೋಗ ಯಾವುದೆಂಬ ವಿಷಯದಲ್ಲಿ ವೈದ್ಯರಿಗೆ ಇಂದಿಗೂ ಒಮ್ಮತವಿಲ್ಲ. ಆದ್ದರಿಂದ ಎಲ್ಲವನ್ನೂ ಚಳಿಯ ಮೇಲೆ ಹೊರಿಸಲಾಗದು. ಆದರೂ, ಪರದೇಶದಲ್ಲಿ ಕೇಳದೆ ತಿಳಿಯದ ಸಂಗತಿಗಳು ಅನೇಕವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಇಂಗ್ಲೆಂಡಿಗೆ ಮಕ್ಕಳನ್ನು ಕಳುಹಿಸುತ್ತಿರುವ ನಮ್ಮ ಸಂಘದ ಕುಟುಂಬಗಳಿಗೆ ಉಪಯುಕ್ತವಾಗಬಹುದೆಂದು ಕೆಲವು ವಿಚಾರಗಳನ್ನು ಇಲ್ಲಿ ನಿವೇದಿಸಿದೆ.

ವೈದ್ಯರ ನೋಂದಣಿ

ಆರು ತಿಂಗಳಿಗಿಂತ ದೀರ್ಘವಾದ ವ್ಯಾಸಂಗಕ್ಕೆ ವೀಸಾ ಪಡೆಯುವಾಗಲೇ ವಿದ್ಯಾರ್ಥಿಯಿಂದ ಆರೋಗ್ಯ ಶುಲ್ಕವನ್ನು ವಸೂಲು ಮಾಡುತ್ತಾರೆ. 2024ರ ಫೆಬ್ರವರಿಯಲ್ಲಿ ಇದನ್ನು ವರ್ಷಕ್ಕೆ 776 ಪೌಂಡಿಗೆ ಏರಿಸಲಾಯಿತು. ಇಷ್ಟು ಹಣ ತೆತ್ತೂ ಅನೇಕರು ವಾಸಸ್ಥಳದ ಬಳಿಯ ವೈದ್ಯರಲ್ಲಿ ಹೆಸರು ನೋಂದಾಯಿಸುವುದಿಲ್ಲ. ಜ್ವರ ಬಂದ ಮೇಲೆ ಪರದಾಡುತ್ತಾರೆ. ನೋಂದಣಿಗೆ ಹಣ ಕೊಡಬೇಕಾಗಿಲ್ಲ. ಅದನ್ನು ಮೊದಲ ವಾರದಲ್ಲೇ ಮುಗಿಸತಕ್ಕದ್ದು. ತುರ್ತಲ್ಲದ ಸಲಹೆಗೆ 111, ಪ್ರಾಣಾಪಾಯದ ಸಂದರ್ಭಕ್ಕೆ 999 ಎಂಬ ದೂರವಾಣಿ ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡಿರಲಿ. ದಂತ ಚಿಕಿತ್ಸೆಗೆ ಅಲ್ಲಿ ಬೇರೆ ಹಣ ತೆರಬೇಕಾಗುವುದರಿಂದ, ಹಲ್ಲು ಮತ್ತು ಕಣ್ಣುಗಳ ಪರೀಕ್ಷೆಯನ್ನು ಹೊರಡುವ ಮುನ್ನವೇ ಮಾಡಿಸಿಕೊಳ್ಳುವುದು ಜಾಣತನ.

ಬಿಸಿಲು ಮತ್ತು ನಿದ್ರೆ

ಮುಂಬಯಿ ಇರುವುದು 19ನೆಯ ಅಕ್ಷಾಂಶದ ಸಮೀಪದಲ್ಲಿ. ಲಂಡನ್ 51ನೆಯ ಅಕ್ಷಾಂಶವನ್ನೂ ದಾಟಿದೆ. ಡಿಸೆಂಬರ್‌ನಲ್ಲಿ ಅಲ್ಲಿನ ಹಗಲು ಸುಮಾರು 8 ಗಂಟೆ ಮಾತ್ರ. ಅಕ್ಟೋಬರ್‌ನಿಂದ ಮಾರ್ಚ್ ಆರಂಭದವರೆಗೆ, ಚರ್ಮವು 'ಡಿ' ಜೀವಸತ್ವವನ್ನು ತಯಾರಿಸಲು ಸಾಕಾಗುವಷ್ಟು ಕಿರಣಗಳು ಬಿಸಿಲಿನಲ್ಲಿರುವುದಿಲ್ಲ. ನಮ್ಮಂತಹ ಕಂದು ಮೈಬಣ್ಣದವರಿಗೆ ಈ ಕೊರತೆ ಇನ್ನೂ ಬೇಗ ತಟ್ಟುತ್ತದೆ. ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ 'ಡಿ' ಜೀವಸತ್ವದ ಮಾತ್ರೆ ಸೇವಿಸುವ ವಿಚಾರವನ್ನು ಎಲ್ಲರೂ ಪರಿಗಣಿಸಬೇಕೆಂಬುದು ಅಲ್ಲಿನ ಸರ್ಕಾರದ ಸಲಹೆ. ಕಾಲವ್ಯತ್ಯಾಸದಿಂದ ಕೆಟ್ಟ ನಿದ್ರೆ ಹಗಲು ಬೆಳಕಿನಲ್ಲಿ ನಡೆದಾಡಿದರೆ ಕೆಲವೇ ದಿನಗಳಲ್ಲಿ ಹದಕ್ಕೆ ಬರುತ್ತದೆ. ಮಧ್ಯಾಹ್ನವೆಲ್ಲ ಮಲಗಿದರೆ ವಾರಗಟ್ಟಲೆ ಎಳೆಯುತ್ತದೆ.

ಆಹಾರ

1888ರಲ್ಲಿ ಲಂಡನ್ನಿಗೆ ಹೋದ ಗಾಂಧೀಜಿ, ತಾಯಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಮೊದಮೊದಲು ಅರೆಹೊಟ್ಟೆಯಲ್ಲೇ ಕಾಲ ಕಳೆದರು. ಆದರೆ ಅವರು ಕೋಣೆಯಲ್ಲಿ ಕುಳಿತಿರಲಿಲ್ಲ. ಬೀದಿ ಬೀದಿ ಅಲೆದು ಫ್ಯಾರಿಂಗ್ಡನ್ ರಸ್ತೆಯಲ್ಲಿ ಸಸ್ಯಾಹಾರದ ಭೋಜನಾಲಯವೊಂದನ್ನು ಪತ್ತೆಹಚ್ಚಿದರು. ಮುಂದೆ ನಿತ್ಯವೂ ಎಂಟು ಹತ್ತು ಮೈಲಿ ನಡೆಯುವ ಅಭ್ಯಾಸವೇ ಅಲ್ಲಿ ತಮ್ಮನ್ನು ಕಾಯಿಲೆಯಿಂದ ಕಾಪಾಡಿತೆಂದು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಇಂದು ಅಕ್ಕಿ, ಬೇಳೆ, ಮೊಸರುಗಳಿಗೆ ಅಲ್ಲಿ ಬರವಿಲ್ಲ. ಕೊರತೆಯಿರುವುದು ಸಮಯಕ್ಕೆ. ಬ್ರೆಡ್ಡು ಮತ್ತು ಚಹಾದಲ್ಲೇ ದಿನ ದೂಡುವ, ಹಾಲು ಮೊಸರನ್ನೂ ಬಿಡುವ ಸಸ್ಯಾಹಾರಿಗೆ ಕಾಲಕ್ರಮೇಣ 'ಬಿ-12' ಜೀವಸತ್ವದ ಕೊರತೆ ತಲೆದೋರಬಹುದು. ಆಯಾಸ, ಕೈಕಾಲು ಜೋಮು ಹಿಡಿಯುವುದು, ಮರೆವು ಇದರ ಲಕ್ಷಣಗಳು. ಭಾನುವಾರ ಮಾಡಿದ ಅನ್ನವನ್ನು ವಾರವಿಡೀ ಉಣ್ಣುವ ಅಭ್ಯಾಸವೂ ಅಪಾಯಕರ. ಹೊರಗೇ ಉಳಿದ ಅನ್ನದಲ್ಲಿ ಬೆಳೆಯುವ ರೋಗಾಣುಗಳ ವಿಷವು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಉಳಿದ ಅನ್ನವನ್ನು ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿನಲ್ಲಿಟ್ಟು, ಮರುದಿನದೊಳಗೆ ಮುಗಿಸಬೇಕು.

ಮನಸ್ಸಿನ ಆರೋಗ್ಯ

ಕೊನೆಯ ಮಾತು ತಂದೆತಾಯಿಗಳಿಗೆ. ನಾವು ಊರು ಬಿಟ್ಟು ಈ ಮಹಾನಗರಗಳಿಗೆ ಬಂದಾಗ ಕೋಣೆ ಹಂಚಿಕೊಳ್ಳಲು ಊರವರಿದ್ದರು, ಕಷ್ಟ ಹೇಳಿಕೊಳ್ಳಲು ಕನ್ನಡ ಸಂಘವಿತ್ತು. ಪರದೇಶದಲ್ಲಿ ಒಂಟಿ ಕೋಣೆಯ ಹುಡುಗನಿಗೋ ಹುಡುಗಿಗೋ ಮೊದಲ ಚಳಿಗಾಲದಲ್ಲಿ ಅಂತಹ ಆಸರೆ ಇರಲಾರದು. ಬಹಳಷ್ಟು ಮಕ್ಕಳು ಸಾಲದ ಹಣದಲ್ಲಿ ಓದುತ್ತಿರುತ್ತಾರೆ. ಪದವಿ ವ್ಯಾಸಂಗದವರಿಗೆ ಪಾಠಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಲು ಅನುಮತಿಯೂ ಇಲ್ಲ. ಪ್ರತಿ ಕರೆಯಲ್ಲೂ ನಾವು ಖರ್ಚಿನ ಲೆಕ್ಕ, ಅಂಕಗಳ ಲೆಕ್ಕ ಕೇಳಿದರೆ, ಮಗು ತನ್ನ ಸಂಕಟವನ್ನೂ ಒಂದು ಖರ್ಚೆಂದೇ ಭಾವಿಸಿ ಮುಚ್ಚಿಡುತ್ತದೆ. ಮಾತು ಚುಟುಕಾಗುವುದು, ಹಗಲೆಲ್ಲ ಮಲಗುವುದು, ತರಗತಿಗೆ ತಪ್ಪಿಸಿಕೊಳ್ಳುವುದು, ಊಟ ಬಿಡುವುದು ಎಚ್ಚರಿಕೆಯ ಚಿಹ್ನೆಗಳು, ಸೋಮಾರಿತನವೆಂದು ಗದರಿಸಬಾರದು. ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆಂದೇ ಆಪ್ತ ಸಲಹೆಗಾರರಿರುತ್ತಾರೆ. ಅವರ ಬಳಿ ಹೋಗುವುದು ಅವಮಾನವಲ್ಲವೆಂದು ವಿಮಾನ ಹತ್ತಿಸುವ ಮೊದಲೇ ನಾವು ಹೇಳಿ ಕಳುಹಿಸಬೇಕು.

ರಾಮಾನುಜನ್ನರಿಗೆ ಆ ರಾತ್ರಿಯಿಂದಲಾದರೂ ಬೆಚ್ಚನೆಯ ನಿದ್ರೆ ದೊರೆಯುವಂತಾದುದು, ಸ್ನೇಹಿತರೊಬ್ಬರು ಗಣಿತದ ಮಾತನ್ನು ಬದಿಗಿಟ್ಟು, ರಾತ್ರಿ ಚಳಿಯಾಗುವುದೇ ಎಂದು ಕೇಳಿದ್ದರಿಂದ. ಮುಂದಿನ ಸಲ ಫೋನು ಮಾಡಿದಾಗ ಪರೀಕ್ಷೆಯ ವಿಚಾರಕ್ಕೆ ಮೊದಲು ನಾವೂ ಅದನ್ನೇ ಕೇಳೋಣ.