ಹೊರನಾಡಿನಲ್ಲಿ ವಿವಾಹ ಮತ್ತು ಅದರ ನೋಂದಣಿ

ಮದುವೆಯೆಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ಚಪ್ಪರ, ಓಲಗ, ಅಕ್ಷತೆ, ಧಾರೆಯ ನೀರು. ಸರ್ಕಾರದ ಕಚೇರಿಯಲ್ಲಿರುವ ಒಂದು ಪುಸ್ತಕವೂ ಅದರಲ್ಲಿನ ಎರಡು ರುಜುಗಳೂ ನೆನಪಿಗೆ ಬರುವುದು ವಿರಳ. ರಾಜ್ಯಶಾಸ್ತ್ರದ ಅಧ್ಯಾಪಕನಾದ ನನ್ನ ವಿಷಯದಲ್ಲಿಯೂ ಇದು ನಿಜ. 2023ರಲ್ಲಿ ನನ್ನ ಅಣ್ಣನವರ ಮಗಳು ಜಪಾನಿನಿಂದ ಬರೆಯುವವರೆಗೆ ನಾನು ಈ ಪುಸ್ತಕದ ಬಗ್ಗೆ ಹೆಚ್ಚು ಯೋಚಿಸಿದವನಲ್ಲ.

ಆಕೆ ನಗೋಯಾ ಪಟ್ಟಣದಲ್ಲಿ ಇಂಜಿನಿಯರಳಾಗಿ ಕೆಲಸ ಮಾಡುತ್ತಿದ್ದಾಳೆ. ಅಲ್ಲಿಯವನೇ ಆದ ಒಬ್ಬ ಯುವಕನನ್ನು ಮದುವೆಯಾಗಲು ನಿಶ್ಚಯಿಸಿದ್ದಳು. "ಚಿಕ್ಕಪ್ಪ, ನನಗೆ ಮದುವೆಯಾಗಿಲ್ಲವೆಂದು ಊರಿನಿಂದ ಕಾಗದ ಬೇಕು. ಅದಕ್ಕೆ ಅಪ್ಪನ ರುಜುವೂ ಬೇಕಂತೆ. ನೀವೇ ಹೇಳಿ ಒಪ್ಪಿಸಬೇಕು" ಎಂದು ಬರೆದಿದ್ದಳು. ಅಣ್ಣನವರು ತೋಟ ನೋಡಿಕೊಂಡು ಊರಿನಲ್ಲಿರುವವರು. ಅವರಿಗೆ ಈ ಸಂಬಂಧ ಮನಸ್ಸಿಗೆ ಬಂದಿರಲಿಲ್ಲ. "ಯಾವುದೋ ಕಚೇರಿಯಲ್ಲಿ ಕಾಗದ ಕೊಟ್ಟು ಬಂದರೆ ಅದು ಮದುವೆಯೇನೋ? ನೀನು ಓದಿದವನು, ಹೇಳು" ಎಂದು ನನ್ನನ್ನೇ ಕೇಳಿದರು. ಅವರಿಗೆ ಉತ್ತರ ಹೇಳುವುದಕ್ಕಾಗಿ ನಾನು ಓದಿಕೊಂಡದ್ದನ್ನೇ ಇಲ್ಲಿ ಬರೆದಿದ್ದೇನೆ. ನಮ್ಮ ಕಾಲೇಜಿನಿಂದಲೂ ಹೊರದೇಶಗಳಿಗೆ ಹೋಗುವ ವಿದ್ಯಾರ್ಥಿಗಳು ಹೆಚ್ಚುತ್ತಿರುವುದರಿಂದ ಇದು ಪ್ರಯೋಜನಕ್ಕೆ ಬಂದೀತೆಂದು ನಂಬಿದ್ದೇನೆ.

ಮೊದಲು ತತ್ತ್ವವನ್ನು ತಿಳಿಯೋಣ. ಬೇರೆ ಬೇರೆ ದೇಶಗಳವರ ನಡುವೆ, ಅಥವಾ ಬೇರೆ ದೇಶದಲ್ಲಿ, ವಿವಾಹವಾದಾಗ ಕಾಯಿದೆ ಎರಡು ಪ್ರಶ್ನೆಗಳನ್ನು ಕೇಳುತ್ತದೆ. ವಿವಾಹವು ತಕ್ಕ ಕ್ರಮದಲ್ಲಿ ನಡೆಯಿತೇ ಎಂಬುದು ಒಂದು. ವಧೂವರರು ವಿವಾಹಕ್ಕೆ ಅರ್ಹರಾಗಿದ್ದರೇ ಎಂಬುದು ಇನ್ನೊಂದು. ಕ್ರಮವನ್ನು ಸಾಮಾನ್ಯವಾಗಿ ವಿವಾಹ ನಡೆದ ನಾಡಿನ ಕಾಯಿದೆಯಂತೆಯೂ, ಅರ್ಹತೆಯನ್ನು ಅವರವರ ಸ್ವಂತ ನಾಡಿನ ಕಾಯಿದೆಯಂತೆಯೂ ಪರೀಕ್ಷಿಸುವುದು ಅನೇಕ ದೇಶಗಳ ಪದ್ಧತಿ.

ಇದಕ್ಕೆ ಒಂದು ಹಳೆಯ ನಿದರ್ಶನವಿದೆ. ಇಂಗ್ಲೆಂಡಿನ ಒಬ್ಬ ಗೃಹಸ್ಥನು ಹೆಂಡತಿ ತೀರಿಕೊಂಡ ಮೇಲೆ ಅವಳ ತಂಗಿಯನ್ನು 1850ರಲ್ಲಿ ಡೆನ್ಮಾರ್ಕಿಗೆ ಹೋಗಿ ಮದುವೆಯಾದನು. ಆಗಿನ ಇಂಗ್ಲೆಂಡಿನ ಕಾಯಿದೆಯಲ್ಲಿ ಅಂಥ ಮದುವೆ ನಿಷಿದ್ಧ, ಡೆನ್ಮಾರ್ಕಿನಲ್ಲಿ ನಿಷಿದ್ಧವಲ್ಲ. ಬ್ರೂಕ್ ವಿರುದ್ಧ ಬ್ರೂಕ್ ಎಂಬ ಈ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ ಸಭೆಯು 1861ರಲ್ಲಿ ಆ ವಿವಾಹ ಅಸಿಂಧುವೆಂದು ತೀರ್ಮಾನಿಸಿತು. ಕ್ರಮ ಡೆನ್ಮಾರ್ಕಿನದಾಗಿದ್ದರೂ ಅರ್ಹತೆಯನ್ನು ಅವರು ಇಂಗ್ಲೆಂಡಿನಿಂದಲೇ ಹೊತ್ತುಕೊಂಡು ಹೋಗಿದ್ದರು. ನಮ್ಮ ಕಡೆ ಅಕ್ಕ ಸತ್ತರೆ ತಂಗಿಯನ್ನು ಕೊಡುವುದು ಎಷ್ಟೋ ಮನೆಗಳಲ್ಲಿ ನಡೆದುಬಂದಿದೆ. ಅದೇ ಸಂಬಂಧಕ್ಕೆ ಇಂಗ್ಲೆಂಡು 1907ರವರೆಗೆ ಅನುಮತಿ ಕೊಡಲಿಲ್ಲ!

ಇನ್ನು ಜಪಾನಿನ ಕ್ರಮವನ್ನು ನೋಡೋಣ. ಅಲ್ಲಿ ಷಿಂಟೋ ಗುಡಿಯಲ್ಲಿ ಮದುವೆಯಾಗುವವರುಂಟು, ಇಗರ್ಜಿಯ ಮಾದರಿಯಲ್ಲಿ ಆಗುವವರೂ ಉಂಟು. ಆದರೆ ಈ ಯಾವ ವಿಧಿಗೂ ಕಾಯಿದೆಯ ಬೆಲೆ ಇಲ್ಲ. 1898ರಲ್ಲಿ ಜಾರಿಗೆ ಬಂದ ಕುಟುಂಬ ಕಾಯಿದೆಯಿಂದ ಮೊದಲಾಗಿ ಇಂದಿನವರೆಗೆ ಅಲ್ಲಿ ಮದುವೆಯೆಂದರೆ ಪುರಸಭೆಯ ಕಚೇರಿಗೆ ಕೊಡುವ ಒಂದು ತಿಳಿವಳಿಕೆ ಪತ್ರ. ಅದಕ್ಕೆ 'ಕೊನ್‌ಇನ್ ತೊದೊಕೆ' ಎಂದು ಹೆಸರು. ವಧೂವರರೂ ವಯಸ್ಕರಾದ ಇಬ್ಬರು ಸಾಕ್ಷಿಗಳೂ ಅದಕ್ಕೆ ರುಜು ಮಾಡಬೇಕು. ಶುಲ್ಕವಿಲ್ಲ. ನಮ್ಮ ವಿಶೇಷ ವಿವಾಹ ಕಾಯಿದೆಯಲ್ಲಿರುವಂತೆ 30 ದಿನಗಳ ನೋಟೀಸೂ ಇಲ್ಲ. ಕಚೇರಿಯವರು ಪತ್ರವನ್ನು ಅಂಗೀಕರಿಸಿದರೆ ವಿವಾಹವಾದಂತೆಯೇ.

ಇಷ್ಟು ಸುಲಭವಾಗಲು ಕಾರಣವೇನೆಂದರೆ, ಅಲ್ಲಿ 'ಕೊಸೆಕಿ' ಎಂಬ ಕುಟುಂಬ ದಾಖಲೆಯಿದೆ. ಜಪಾನೀಯನ ಜನನ, ವಿವಾಹ, ವಿಚ್ಛೇದನ, ಮರಣ ಎಲ್ಲವೂ ಅದರಲ್ಲಿ ನಮೂದಾಗುತ್ತವೆ. ಒಬ್ಬನಿಗೆ ಮದುವೆಯಾಗಿಲ್ಲವೆಂದು ತಿಳಿಯಲು ಆ ದಾಖಲೆಯನ್ನು ನೋಡಿದರೆ ಸಾಕು. ಪರದೇಶದವರಿಗೆ ಕೊಸೆಕಿ ಇಲ್ಲ. ಆದುದರಿಂದ ತನ್ನ ನಾಡಿನ ಕಾಯಿದೆಯಂತೆ ತಾನು ವಿವಾಹಕ್ಕೆ ಅರ್ಹನೆಂಬ ಪತ್ರವನ್ನು ಪರದೇಶದವನು ತನ್ನ ರಾಯಭಾರ ಕಚೇರಿಯ ಮೂಲಕ ತಂದು ತೋರಿಸಬೇಕು. ಅದರ ಜೊತೆಗೆ ಜಪಾನೀ ಭಾಷೆಯ ತರ್ಜುಮೆಯನ್ನೂ, ತರ್ಜುಮೆ ಮಾಡಿದವರ ಹೆಸರನ್ನೂ ಕೊಡಬೇಕು.

ಅರ್ಹತೆಯ ಈ ಪತ್ರ ಬರಿಯ ಶಾಸ್ತ್ರಕ್ಕೆ ಕೇಳುವುದಲ್ಲ. ಜಪಾನಿನಲ್ಲಿ 2022ರ ಏಪ್ರಿಲ್ 1ರಿಂದ ಗಂಡಿಗೂ ಹೆಣ್ಣಿಗೂ ವಿವಾಹದ ವಯಸ್ಸು 18. ನಮ್ಮಲ್ಲಿ ವರನಿಗೆ 21, ವಧುವಿಗೆ 18. ಹಾಗಾದರೆ 20 ವರ್ಷದ ಕನ್ನಡಿಗ ಹುಡುಗನು ಜಪಾನಿಗೆ ಹೋಗಿ ಮದುವೆಯಾಗಬಹುದೇ? ಅಲ್ಲಿನ ಕಾಯಿದೆ ಆಯಾ ಪಕ್ಷದವರ ಅರ್ಹತೆಯನ್ನು ಅವರವರ ರಾಷ್ಟ್ರದ ಕಾಯಿದೆಯಂತೆ ನೋಡುವುದರಿಂದ ಆ ಹುಡುಗ ಇನ್ನೂ ಒಂದು ವರ್ಷ ಕಾಯಬೇಕು. ಬಂಧುತ್ವದ ವಿಷಯವೂ ಇಂಥದೇ. ಸೋದರಮಾವನ ಮಗಳನ್ನು ಮದುವೆಯಾಗಲು ಜಪಾನಿನ ಕಾಯಿದೆಯಲ್ಲಿ ಅಡ್ಡಿಯಿಲ್ಲ. ಸೋದರಮಾವನನ್ನೇ ಮದುವೆಯಾಗಲು ಅಡ್ಡಿಯಿದೆ. ನಮ್ಮಲ್ಲಿ ರೂಢಿಯಿದ್ದ ಕಡೆ ಎರಡೂ ಸಿಂಧುವೇ.

ಈಗ ನಮ್ಮ ಮನೆಯ ಕಾಗದಗಳಿಗೆ ಬರುತ್ತೇನೆ. ಮದುವೆಯಾಗಿಲ್ಲವೆಂದು ನೋಡಿ ಹೇಳಲು ನಮ್ಮಲ್ಲಿ ಕೊಸೆಕಿಯಂಥ ಒಂದೇ ಪುಸ್ತಕವಿಲ್ಲ. ಜನನ ಒಂದು ಕಡೆ, ವಿವಾಹ ಇನ್ನೊಂದು ಕಡೆ ದಾಖಲಾಗುತ್ತವೆ. ದಾಖಲಾಗದೆ ಉಳಿದ ಮದುವೆಗಳೂ ಉಂಟು. ಆದಕಾರಣ ಬಲ್ಲವರ ಪ್ರಮಾಣವೇ ನಮಗೆ ಆಧಾರ. ಮಗಳು ಅವಿವಾಹಿತೆಯೆಂದು ತಂದೆತಾಯಿಗಳು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿ ನೋಟರಿಯ ಮುಂದೆ ರುಜು ಹಾಕುವ ವಾಡಿಕೆ ಬಂದದ್ದು ಹೀಗೆ.

ನಮಗೆ ಮೊದಲು ಅಡ್ಡ ಬಂದದ್ದು ಹೆಸರು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹುಡುಗಿಯ ಹೆಸರಿನ ಹಿಂದೆ ಎರಡು ಇನಿಷಿಯಲ್ಲುಗಳು ಮಾತ್ರ ಇದ್ದವು. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ಊರಿನ ಹೆಸರೂ ತಂದೆಯ ಹೆಸರೂ ಆಗಿದ್ದವು. ಮನೆತನದ ಹೆಸರಿಲ್ಲದ ಕನ್ನಡಿಗರಿಗೆ ಇದು ಸಹಜ. ಆದರೆ ಜಪಾನಿನ ಪತ್ರದಲ್ಲಿ ಮನೆತನದ ಹೆಸರಿಗೆ ಒಂದು ಮನೆ, ಸ್ವಂತ ಹೆಸರಿಗೆ ಇನ್ನೊಂದು ಮನೆ. ಎರಡು ಕಾಗದಗಳಲ್ಲಿರುವವಳು ಒಬ್ಬಳೇ ಎಂದು ಇನ್ನೊಂದು ಅಫಿಡವಿಟ್ ಮಾಡಿಸಬೇಕಾಯಿತು. ಹೊರಗೆ ಹೋಗುವ ವಿದ್ಯಾರ್ಥಿಗಳು ಎಲ್ಲ ಕಾಗದಗಳಲ್ಲಿಯೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರುವಂತೆ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಎರಡನೆಯದು ದೃಢೀಕರಣ. ನಮ್ಮ ನೋಟರಿಯ ಮೊಹರು ಜಪಾನಿನ ಗುಮಾಸ್ತನಿಗೆ ಹೇಗೆ ಗೊತ್ತಾಗಬೇಕು? ಈ ತೊಡಕನ್ನು ನೀಗಲು 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಒಂದು ಒಪ್ಪಂದವಾಯಿತು. ಅದರಂತೆ ಕಾಗದ ಹುಟ್ಟಿದ ದೇಶವೇ 'ಅಪೋಸ್ಟಿಲ್' ಎಂಬ ಪತ್ರವನ್ನು ಅಂಟಿಸಿಕೊಟ್ಟರೆ ಒಪ್ಪಂದಕ್ಕೆ ಸೇರಿದ ಇನ್ನೊಂದು ದೇಶ ಅದನ್ನು ಮನ್ನಿಸುತ್ತದೆ. ಜಪಾನಿನಲ್ಲಿ ಇದು 1970ರಿಂದಲೂ, ಭಾರತದಲ್ಲಿ 2005ರ ಜುಲೈ 14ರಿಂದಲೂ ಜಾರಿಯಲ್ಲಿದೆ. ರಾಜ್ಯ ಸರ್ಕಾರದ ದೃಢೀಕರಣವಾದ ಮೇಲೆ ವಿದೇಶಾಂಗ ಮಂತ್ರಾಲಯವು ಇದನ್ನು ಕೊಡುತ್ತದೆ. ರುಜು ಮತ್ತು ಮೊಹರು ನಿಜವೆಂದಷ್ಟೇ ಅಪೋಸ್ಟಿಲ್ ಹೇಳುತ್ತದೆ. ಒಳಗೆ ಬರೆದಿರುವುದು ನಿಜವೆಂದು ಹೇಳುವುದಿಲ್ಲ. ಒಳಗಿನ ಮಾತಿಗೆ ಪ್ರಮಾಣ ಮಾಡಿದವನೇ ಹೊಣೆ.

ಮೂರನೆಯದು ಅಣ್ಣನವರ ರುಜು. ಅಫಿಡವಿಟ್ ಸಿದ್ಧವಾಗಿ ಎಂಟು ದಿನ ಅವರ ಪೆಟ್ಟಿಗೆಯಲ್ಲಿಯೇ ಇತ್ತು. "ಇದಕ್ಕೆ ರುಜು ಹಾಕಿದರೆ ಈ ಮದುವೆಗೆ ನಾನು ಒಪ್ಪಿದ ಹಾಗಾಯಿತಲ್ಲ" ಎಂದರು. ನಾನು ಕಾಗದವನ್ನು ಅವರ ಕೈಗೇ ಕೊಟ್ಟು ಓದಿಸಿದೆ. ಅದರಲ್ಲಿ ಒಪ್ಪಿಗೆಯ ಮಾತೇ ಇರಲಿಲ್ಲ. ವಯಸ್ಸಿಗೆ ಬಂದ ಮಗಳ ವಿವಾಹಕ್ಕೆ ತಂದೆಯ ಅಪ್ಪಣೆಯನ್ನು ನಮ್ಮ ಕಾಯಿದೆಯೂ ಕೇಳುವುದಿಲ್ಲ, ಜಪಾನಿನದೂ ಕೇಳುವುದಿಲ್ಲ. "ಅಣ್ಣಾ, ಸರ್ಕಾರ ನಿನ್ನ ಅಪ್ಪಣೆ ಕೇಳುತ್ತಿಲ್ಲ, ಸಾಕ್ಷಿ ಕೇಳುತ್ತಿದೆ. ಹುಟ್ಟಿದಂದಿನಿಂದ ಅವಳನ್ನು ಬಲ್ಲವನು ನೀನು. ಅವಳಿಗೆ ಮದುವೆಯಾಗಿಲ್ಲ ಎನ್ನುವುದು ನಿಜವೋ ಸುಳ್ಳೋ, ಅಷ್ಟು ಹೇಳು" ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಮಾರನೆಯ ದಿನ ನನ್ನೊಡನೆ ತಾಲ್ಲೂಕು ಕಚೇರಿಯ ಬಳಿಯಿದ್ದ ನೋಟರಿಯಲ್ಲಿಗೆ ಬಂದು ರುಜು ಮಾಡಿದರು.

ಇಷ್ಟಾದ ಮೇಲೆ ಅವರು ಇನ್ನೊಂದು ಪ್ರಶ್ನೆ ಹಾಕಿದರು. "ಇಷ್ಟೆಲ್ಲ ಏಕೆ? ಇಲ್ಲಿಗೇ ಬಂದು ಧಾರೆ ಎರೆಸಿಕೊಂಡು ಹೋದರೆ ಆಗದೇ?" ನ್ಯಾಯವಾದ ಪ್ರಶ್ನೆ. 1955ರ ಹಿಂದೂ ವಿವಾಹ ಕಾಯಿದೆಯಂತೆ ವಿಧಿಪೂರ್ವಕ ಮದುವೆ ಸಿಂಧುವಾಗಬೇಕಾದರೆ ಎರಡು ಪಕ್ಷದವರೂ ಆ ಕಾಯಿದೆಯ ಅರ್ಥದಲ್ಲಿ ಹಿಂದೂಗಳಾಗಿರಬೇಕು. ಬೌದ್ಧರೂ ಜೈನರೂ ಸಿಖ್ಖರೂ ಆ ಅರ್ಥದೊಳಗೆ ಬರುತ್ತಾರೆ. ನಮ್ಮ ಹುಡುಗನಾದರೋ ತನಗೆ ಯಾವ ಮತವೂ ಇಲ್ಲವೆಂದವನು. ಅಂಥವರು ಭಾರತದಲ್ಲಿ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯಿದೆಯಿದೆ. ಹೊರದೇಶದಲ್ಲಿ ಆಗಲು 1969ರ ವಿದೇಶೀ ವಿವಾಹ ಕಾಯಿದೆಯಿದೆ.

ಈ ಎರಡನೆಯದರ ಪರಿಚಯ ವಿದ್ಯಾರ್ಥಿಗಳಿಗೆ ಅವಶ್ಯಕ. ಇಬ್ಬರಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿದ್ದರೆ, ಹೊರದೇಶದಲ್ಲಿರುವ ನಮ್ಮ ವಿವಾಹಾಧಿಕಾರಿಯ ಮುಂದೆ, ಅಂದರೆ ಆ ಕೆಲಸಕ್ಕೆ ನೇಮಕವಾದ ರಾಯಭಾರ ಅಥವಾ ಕಾನ್ಸಲರ್ ಅಧಿಕಾರಿಯ ಮುಂದೆ, ನೋಟೀಸು ಕೊಟ್ಟು ವಿವಾಹವಾಗಬಹುದು. ಜಪಾನಿನಲ್ಲಿರುವ ಇಬ್ಬರು ಭಾರತೀಯರಿಗೆ ಇದು ಒದಗುವ ದಾರಿ. ಆದರೆ ಜಪಾನಿನ ನೆಲದಲ್ಲಿ ಒಬ್ಬರು ಜಪಾನೀಯರಾಗಿರುವ ವಿವಾಹವು ಅಲ್ಲಿನ ಕ್ರಮದಲ್ಲಿಯೇ ಆಗಬೇಕೆಂಬುದು ಆ ದೇಶದ ನಿಯಮ. ಅಂಥವರಿಗೆ ನಮ್ಮ ಕಾಯಿದೆಯ 17ನೆಯ ಸೆಕ್ಷನ್ ಸಹಾಯಕ್ಕೆ ಬರುತ್ತದೆ. ಆ ದೇಶದ ಕಾಯಿದೆಯಂತೆ ಆಗಿರುವ ವಿವಾಹವನ್ನು, ನಮ್ಮ ಷರತ್ತುಗಳೂ ಪೂರೈಸಿದ್ದರೆ, ನಮ್ಮ ವಿವಾಹಾಧಿಕಾರಿ ತನ್ನ ಪುಸ್ತಕದಲ್ಲಿ ನೋಂದಾಯಿಸಬಹುದು. ನಮ್ಮ ಹುಡುಗಿ ಹಿಡಿದದ್ದು ಈ ದಾರಿಯನ್ನು. ಮೊದಲು ಪುರಸಭೆಯಲ್ಲಿ ಪತ್ರ ಕೊಟ್ಟು, ಅಂಗೀಕಾರವಾದುದಕ್ಕೆ ಪ್ರಮಾಣಪತ್ರ ಪಡೆದು, ಆಮೇಲೆ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಿಕೊಂಡಳು.

ವಿವಾಹದಿಂದ ತಾನಾಗಿ ಬಾರದ ಸಂಗತಿಗಳೂ ಕೆಲವುಂಟು. ಜಪಾನೀಯನನ್ನು ಮದುವೆಯಾದ ಮಾತ್ರಕ್ಕೆ ಆಕೆಯ ಪೌರತ್ವ ಬದಲಾಗುವುದಿಲ್ಲ. ಅವಳು ಭಾರತದ ಪ್ರಜೆಯೇ. ಗಂಡನ ಮನೆತನದ ಹೆಸರು ತಾನಾಗಿ ಅವಳಿಗೆ ಬರುವುದಿಲ್ಲ. ಗಂಡನ ಕೊಸೆಕಿಯಲ್ಲಿ ಮದುವೆಯ ಸಂಗತಿ ನಮೂದಾಗುತ್ತದೆ, ಆದರೆ ಪರದೇಶದವಳಾದ ಅವಳಿಗೆ ಬೇರೆ ಕೊಸೆಕಿ ಹುಟ್ಟುವುದಿಲ್ಲ. ಹೆಂಡತಿಯೆಂಬ ಆಧಾರದಿಂದ ಅಲ್ಲಿ ವಾಸಿಸುವ ಅನುಮತಿಗೆ ಬೇರೆಯೇ ಅರ್ಜಿ ಹಾಕಬೇಕು. ಬರಿಯ ಕಾಗದದ ಮದುವೆಯೋ, ನಿಜವಾದ ಸಂಸಾರವೋ ಎಂದು ಅಲ್ಲಿನ ಅಧಿಕಾರಿಗಳು ವಿಚಾರಿಸುತ್ತಾರೆ.

ಅಣ್ಣನವರಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು. ಊರಿನಲ್ಲಿ ಆದ ಮದುವೆಗೆ ಬಂಧುಬಳಗವೇ ಸಾಕ್ಷಿ. ಗಂಡ ಕೈಬಿಟ್ಟರೆ ಕೇಳುವುದಕ್ಕೆ ನಾಲ್ಕು ಜನ ಹಿರಿಯರಿರುತ್ತಾರೆ. ಪರದೇಶದಲ್ಲಿ ಅವಳ ಪರವಾಗಿ ಮಾತನಾಡುವುದು ಆ ಪುಸ್ತಕವೊಂದೇ. ನಾಳೆ ಕಾಯಿಲೆಯೋ ಮರಣವೋ ವಿಚ್ಛೇದನವೋ ಒದಗಿದರೆ, ಜೀವನಾಂಶ ಕೇಳುವಾಗಲೂ ಆಸ್ತಿಯ ಹಕ್ಕು ಕೇಳುವಾಗಲೂ, ನೀನು ಇವನ ಹೆಂಡತಿಯೆನ್ನಲು ಏನು ಆಧಾರ ಎಂದು ಅಲ್ಲಿಯೂ ಕೇಳುತ್ತಾರೆ, ಇಲ್ಲಿಯೂ ಕೇಳುತ್ತಾರೆ. ಎರಡು ನಾಡುಗಳ ನಡುವೆ ಬದುಕುವವಳ ಹೆಸರು ಎರಡು ನಾಡುಗಳ ಪುಸ್ತಕದಲ್ಲಿಯೂ ಇರಬೇಕು. ಕಚೇರಿಯ ಕಾಗದವು ಧಾರೆಗೆ ಬದಲಾಗಿ ಬಂದದ್ದಲ್ಲ. ಅಲ್ಲಿಲ್ಲದ ಬಂಧುಬಳಗಕ್ಕೆ ಬದಲಾಗಿ ಬಂದದ್ದು.

ಮುಂದಿನ ವೈಶಾಖದಲ್ಲಿ ಮಗಳೂ ಅಳಿಯನೂ ಊರಿಗೆ ಬಂದರು. ಕಾಯಿದೆಯ ಪ್ರಕಾರ ಆ ವೇಳೆಗೆ ಅವರು ಗಂಡಹೆಂಡಿರಾಗಿ ಏಳು ತಿಂಗಳಾಗಿತ್ತು. ಆದರೂ ಅಣ್ಣನವರು ಅಂಗಳದಲ್ಲಿ ಚಪ್ಪರ ಹಾಕಿಸಿ ಧಾರೆ ಎರೆದುಕೊಟ್ಟರು. ಮದುವೆಯ ಲಗ್ನಪತ್ರಿಕೆಯ ಜೊತೆಗೆ ಆ ನೋಂದಣಿ ಪತ್ರದ ಪ್ರತಿಯನ್ನೂ ಅವರು ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ.