ಖಗೋಳ ಸಾಮಾನ್ಯಜ್ಞಾನದ ಪರೀಕ್ಷೆ : ಒಂದು ವಿವೇಚನೆ

ಶಾಲೆಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಸಾಮಾನ್ಯಜ್ಞಾನ ಪರೀಕ್ಷೆಗಳಲ್ಲಿ ಖಗೋಳವನ್ನು ಕುರಿತ ಪ್ರಶ್ನೆಗಳಿಗೆ ಒಂದು ಸ್ಥಿರವಾದ ಸ್ಥಾನವುಂಟು. ಅತಿ ದೊಡ್ಡ ಗ್ರಹ ಯಾವುದು, ಉಂಗುರಗಳುಳ್ಳ ಗ್ರಹ ಯಾವುದು, ಚಂದ್ರನ ಮೇಲೆ ಮೊದಲು ಕಾಲಿಟ್ಟವರು ಯಾರು ಎಂಬಿವು ಬಹುಕಾಲದಿಂದ ಕೇಳಿಬಂದ ಪ್ರಶ್ನೆಗಳು. ಇವುಗಳಿಗೆ ಉತ್ತರವನ್ನು ಕಂಠಪಾಠ ಮಾಡಿದ ಬಾಲಕನು ಬಹುಮಾನ ಪಡೆಯುತ್ತಾನೆ; ಅವನು ಆಕಾಶವನ್ನು ಬಲ್ಲನೆಂದು ನಾವೂ ನಂಬುತ್ತೇವೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಕನ್ನಡ ಪಂಡಿತನಿಗೆ ಖಗೋಳದ ಗೊಡವೆ ಏಕೆಂದು ಯಾರಾದರೂ ಕೇಳಿಯಾರು. ನನಗೆ ಆ ಪಾಠವನ್ನು ಕಲಿಸಿದವನು ನನ್ನ ವಿದ್ಯಾರ್ಥಿಯೊಬ್ಬನು. ಕಲಿತದ್ದು ನನ್ನ ತಪ್ಪಿನಿಂದ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಆಗ ನಾನು ಬೇರೊಂದು ಊರಿನ ಶಾಲೆಯಲ್ಲಿದ್ದೆ. ವಾರ್ಷಿಕ ಸ್ಪರ್ಧೆಗಳ ಸಾಮಾನ್ಯಜ್ಞಾನ ಪತ್ರಿಕೆಯನ್ನು ಸಿದ್ಧಪಡಿಸಿ ಪರಿಶೀಲಿಸುವ ಹೊಣೆ ನನ್ನದಾಗಿತ್ತು. “ಆಕಾಶದಲ್ಲಿ ಅತ್ಯಂತ ಪ್ರಕಾಶಮಾನವಾದ ನಕ್ಷತ್ರ ಯಾವುದು?” ಎಂದು ಕೇಳಿದ್ದೆ. ಧ್ರುವಚರಿತೆಯನ್ನು ಎಷ್ಟೋ ಸಲ ಪಾಠ ಹೇಳಿದ್ದ ನನ್ನ ಮನಸ್ಸಿನಲ್ಲಿ ಉತ್ತರ ಧ್ರುವನಲ್ಲದೆ ಬೇರೆಯಿರಲಿಲ್ಲ. ಪ್ರಸಾದನಿಲಯದ ಹುಡುಗನೊಬ್ಬನು ಹೀಗೆ ಬರೆದಿದ್ದನು : “ಹೆಸರು ತಿಳಿಯದು. ಸಾಲಾಗಿರುವ ಮೂರು ಚುಕ್ಕಿಗಳ ನೇರಕ್ಕೆ ಕೆಳಗಿರುವ ಬಿಳಿಯ ಚುಕ್ಕಿ.” ನಾನು ಕೆಂಪು ಶಾಯಿಯಿಂದ ಅದನ್ನು ಹೊಡೆದು, ಪಕ್ಕದಲ್ಲಿ “ಧ್ರುವ” ಎಂದು ಬರೆದೆ. ಒಂದು ಅಂಕದಿಂದ ಅವನಿಗೆ ಬಹುಮಾನ ತಪ್ಪಿತು. ಅವನು ಮರುಮಾತಾಡಲಿಲ್ಲ.

ಮಾರ್ಚ್ ತಿಂಗಳಿನ ಒಂದು ಸಂಜೆ ವಿದ್ಯುತ್ತು ಹೋಗಿ, ನಿಲಯದ ಮಕ್ಕಳೆಲ್ಲ ಮಾಳಿಗೆಯ ಮೇಲೆ ಸೇರಿದ್ದರು. ಧ್ರುವನನ್ನು ತೋರಿಸುವೆನೆಂದು ಹೋದ ನಾನು ಉತ್ತರ ದಿಕ್ಕಿನಲ್ಲಿ ಎಷ್ಟು ಹುಡುಕಿದರೂ ಥಳಥಳಿಸುವ ನಕ್ಷತ್ರವೊಂದು ಕಾಣಲಿಲ್ಲ. ಆಗ ಆ ಹುಡುಗನೇ ಮುಂದೆ ಬಂದು, ಸಪ್ತರ್ಷಿಮಂಡಲದ ಕ್ರತು ಮತ್ತು ಪುಲಹರನ್ನು ತೋರಿಸಿ, ಅವೆರಡರ ನಡುವಣ ಅಂತರದ ಐದರಷ್ಟು ದೂರ ಬೆರಳನ್ನು ಸರಿಸಿ, “ಗುರುಗಳ, ಧ್ರುವ ಅಲ್ಲಿ ಅದಾನ್ರಿ, ಭಾಳ ಮಂದ ಕಾಣ್ತಾನ” ಎಂದನು. ಬಳಿಕ ನನ್ನನ್ನು ದಕ್ಷಿಣಕ್ಕೆ ತಿರುಗಿಸಿ ತನ್ನ ಬಿಳಿಯ ಚುಕ್ಕಿಯನ್ನು ತೋರಿಸಿದನು. ಮಹಾವ್ಯಾಧನ ನಡುಪಟ್ಟಿಯ ಮೂರು ಚುಕ್ಕಿಗಳ ನೇರದಲ್ಲಿ ಅದು ಉರಿಯುತ್ತಿತ್ತು. ಅದು ಲುಬ್ಧಕ. ಲುಬ್ಧಕನೆಂದರೆ ಬೇಡನೆಂದು ಕೋಶದಲ್ಲಿ ಓದಿ ಬಲ್ಲ ನಾನು ಅವನನ್ನು ಕಣ್ಣಿಂದ ನೋಡಿರಲಿಲ್ಲ. ನೋಡಿದ್ದ ಹುಡುಗನಿಗೆ ಹೆಸರು ತಿಳಿದಿರಲಿಲ್ಲ. ನಮ್ಮಿಬ್ಬರಲ್ಲಿ ಬಲ್ಲವನು ಯಾರು?

ರಾತ್ರಿಯ ಆಕಾಶದಲ್ಲಿ ಲುಬ್ಧಕನೇ ಅತ್ಯುಜ್ಜ್ವಲ ನಕ್ಷತ್ರ. ಧ್ರುವನಿಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಅವನು ಬೆಳಗುತ್ತಾನೆ. ಪ್ರಕಾಶದ ಸಾಲಿನಲ್ಲಿ ಧ್ರುವನ ಸ್ಥಾನ ಐವತ್ತರ ಸುಮಾರು. ಹಾಗೆಂದು ಧ್ರುವನು ಅಲ್ಪನಲ್ಲ. ಲುಬ್ಧಕನು ನಮಗೆ 8.6 ಜ್ಯೋತಿರ್ವರ್ಷಗಳಷ್ಟು ಸಮೀಪದಲ್ಲಿರುವುದರಿಂದ ಹಾಗೆ ಹೊಳೆಯುತ್ತಾನೆ. ಧ್ರುವನು ನಾನೂರಕ್ಕೂ ಹೆಚ್ಚು ಜ್ಯೋತಿರ್ವರ್ಷಗಳ ದೂರದಲ್ಲಿದ್ದಾನೆ. ಸ್ವತಃ ಸೂಸುವ ಬೆಳಕಿನಲ್ಲಿ ಧ್ರುವನೇ ಬಹಳ ದೊಡ್ಡವನು. ಅವನ ಹಿರಿಮೆಗೆ ನಮ್ಮ ಹಿರಿಯರು ಕಂಡ ಕಾರಣವೂ ಪ್ರಕಾಶವಲ್ಲ, ಸ್ಥೈರ್ಯ. ಇನ್ನು ನನ್ನ ಪ್ರಶ್ನೆಯ ಮಾತೇ ಸರಿಯಿರಲಿಲ್ಲ. ಸೂರ್ಯನೂ ಒಂದು ನಕ್ಷತ್ರವಾದ್ದರಿಂದ “ಸೂರ್ಯ” ಎಂದು ಬರೆದ ಮಗುವಿಗೂ ಅಂಕ ಸಲ್ಲಬೇಕಾಗಿತ್ತು. “ರಾತ್ರಿಯ ಆಕಾಶದಲ್ಲಿ” ಎಂದು ನಾನು ಕೇಳಬೇಕಾಗಿತ್ತು. “ಬೆಳ್ಳಿಚುಕ್ಕಿ” ಎಂದು ಬರೆದವರಿಗೆ ಅದು ಶುಕ್ರಗ್ರಹವೆಂದು ತಿಳಿಹೇಳಬೇಕಾಗಿತ್ತು. ಒಂದು ಪ್ರಶ್ನೆಯಲ್ಲಿ ಇಷ್ಟು ಪಾಠಗಳು ಅಡಗಿದ್ದವು. ನಾನು ಅವೆಲ್ಲವನ್ನೂ ಕೆಂಪು ಗೆರೆಯಲ್ಲಿ ಮುಗಿಸಿದ್ದೆ.

ಈಗ ಪ್ರಶ್ನೆಗಳ ಬಗೆಯನ್ನು ವಿಂಗಡಿಸಿ ನೋಡೋಣ. ಮೊದಲನೆಯವು ಹೆಸರು ಮತ್ತು ಸಂಖ್ಯೆಯನ್ನು ಕೇಳುವ ಪ್ರಶ್ನೆಗಳು. ಇವುಗಳ ತೊಡಕೆಂದರೆ ಉತ್ತರಗಳು ನಿಲ್ಲುವುದಿಲ್ಲ. 1930ರಲ್ಲಿ ಕಂಡುಹಿಡಿದ ಪ್ಲೂಟೋ 2006ರ ಆಗಸ್ಟಿನವರೆಗೆ ಗ್ರಹವಾಗಿತ್ತು; ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ನಿರ್ಣಯದಿಂದ ಅದು ಕುಬ್ಜಗ್ರಹವಾಯಿತು, ಗ್ರಹಗಳು ಎಂಟಾದವು. ಶನಿಯ ಉಪಗ್ರಹಗಳಿಗೆ 2025ರ ಮಾರ್ಚ್ ತಿಂಗಳಿನಲ್ಲಿ ಒಮ್ಮೆಗೇ 128 ಸೇರಿ ಒಟ್ಟು 274 ಆದವು. ಉಂಗುರವುಳ್ಳ ಗ್ರಹ ಶನಿಯೊಂದೇ ಎಂಬ ಉತ್ತರವೂ 1977ರಲ್ಲಿಯೇ ಬಿದ್ದುಹೋಯಿತು. ಆ ವರ್ಷದ ಮಾರ್ಚ್ 10ರಂದು ಯುರೇನಸ್ ಗ್ರಹವು ನಕ್ಷತ್ರವೊಂದನ್ನು ಮರೆಮಾಡುವ ಮುನ್ನವೂ ಅನಂತರವೂ ಆ ನಕ್ಷತ್ರ ಮಿಣುಕಿದುದರಿಂದ ಯುರೇನಸ್ಸಿಗೂ ಉಂಗುರಗಳಿವೆಯೆಂದು ತಿಳಿಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ, ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯದಿಂದಲೂ ಅದನ್ನು ವೀಕ್ಷಿಸಿದ್ದರು. ಗುರುಗ್ರಹದ ಉಂಗುರ 1979ರಲ್ಲಿ ಕಂಡಿತು.

ಸಂಖ್ಯೆ ಒಂದೇ ಆದಮಾತ್ರಕ್ಕೆ ಅರ್ಥವೂ ಒಂದೇ ಎಂದು ಭ್ರಮಿಸುವುದುಂಟು. ಸಂಪ್ರದಾಯದ ನವಗ್ರಹಗಳೂ ಒಂಬತ್ತು, 2006ರವರೆಗಿನ ಪಠ್ಯದ ಗ್ರಹಗಳೂ ಒಂಬತ್ತು. ಎರಡೂ ಒಂದೇ ಎಂದು ತಿಳಿದ ಮಕ್ಕಳನ್ನು ನಾನು ಬಹಳ ಕಂಡಿದ್ದೇನೆ. “ಗ್ರಹ್” ಎಂಬ ಧಾತುವಿಗೆ ಹಿಡಿಯುವುದೆಂದು ಅರ್ಥ. ಹಿಡಿಯುವುದು ಗ್ರಹ, ಹಿಡಿಯುವಿಕೆ ಗ್ರಹಣ. ನವಗ್ರಹಗಳಲ್ಲಿ ಸೂರ್ಯನು ನಕ್ಷತ್ರ, ಚಂದ್ರನು ಉಪಗ್ರಹ. ರಾಹು ಕೇತುಗಳು ಚಂದ್ರನ ಪಥವು ಸೂರ್ಯನ ಪಥವನ್ನು ಕತ್ತರಿಸುವ ಎರಡು ಬಿಂದುಗಳು. ಇಂದಿನ ಅರ್ಥದಲ್ಲಿ ಗ್ರಹಗಳಾಗಿ ಉಳಿಯುವವು ಐದೇ. ಭೂಮಿ ಆ ಪಟ್ಟಿಯಲ್ಲಿಯೇ ಇಲ್ಲ. ಒಂದು ಶಬ್ದ, ಎರಡು ಶಾಸ್ತ್ರಗಳು. ಇದನ್ನು ತಿಳಿಸಿಕೊಡುವುದು ವಿಜ್ಞಾನದ ಅಧ್ಯಾಪಕರಷ್ಟೇ ಭಾಷಾಧ್ಯಾಪಕರ ಕರ್ತವ್ಯವೂ ಹೌದು.

ಎರಡನೆಯವು ಕಾರಣವನ್ನು ಕೇಳುವ ಪ್ರಶ್ನೆಗಳು. ಬೇಸಿಗೆ ಏಕೆ ಬರುತ್ತದೆ ಎಂದರೆ, ಭೂಮಿ ಸೂರ್ಯನ ಸಮೀಪಕ್ಕೆ ಹೋಗುವುದರಿಂದ ಎಂದು ದೊಡ್ಡವರೂ ಹೇಳುತ್ತಾರೆ. ವಾಸ್ತವವಾಗಿ ಭೂಮಿ ಸೂರ್ಯನಿಗೆ ಅತಿ ಸಮೀಪವಿರುವುದು ಜನವರಿಯ ಆದಿಯಲ್ಲಿ, ನಾವು ಕಂಬಳಿ ಹೊದೆಯುವ ಕಾಲದಲ್ಲಿ. ಋತುಗಳಿಗೆ ಕಾರಣ ಭೂಮಿಯ ಅಕ್ಷದ ಇಪ್ಪತ್ತಮೂರೂವರೆ ಅಂಶಗಳ ಓಲುವಿಕೆ. ಗಗನಯಾತ್ರಿಗಳು ತೇಲುವುದೇಕೆ ಎಂದರೆ, ಅಲ್ಲಿ ಗುರುತ್ವವಿಲ್ಲ ಎಂಬ ಉತ್ತರ ಬರುತ್ತದೆ. 1984ರಲ್ಲಿ ರಾಕೇಶ್ ಶರ್ಮರೂ 2025ರಲ್ಲಿ ಶುಭಾಂಶು ಶುಕ್ಲರೂ ಆ ಅನುಭವ ಪಡೆದರು. ಶುಕ್ಲರು ತಂಗಿದ್ದ ಅಂತಾರಾಷ್ಟ್ರೀಯ ನಿಲ್ದಾಣದ ಎತ್ತರ ಸುಮಾರು 400 ಕಿಲೋಮೀಟರ್. ಅಲ್ಲಿಯೂ ಭೂಮಿಯ ಸೆಳೆತ ನೆಲದ ಮೇಲಿನದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟಿದೆ. ನಿಲ್ದಾಣವೂ ಅದರೊಳಗಿನವರೂ ಕೂಡಿಯೇ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ತೂಕ ತೋರುವುದಿಲ್ಲ. ಹಾಗೆಯೇ 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದು ಚಂದ್ರನ ಆಚೆಯ ಮಗ್ಗುಲಿನಲ್ಲೆಂದು ಹೇಳುವವರಿದ್ದಾರೆ. ಅದು ಇಳಿದದ್ದು ನಮಗೆ ಕಾಣುವ ಮಗ್ಗುಲಿನಲ್ಲಿಯೇ, ದಕ್ಷಿಣ ಧ್ರುವದ ಕಡೆಗೆ. ಆಚೆಯ ಮಗ್ಗುಲಿನಲ್ಲಿಯೂ ಸದಾ ಕತ್ತಲೆಯಿಲ್ಲ. ಅಲ್ಲಿಯೂ ಸೂರ್ಯ ಮೂಡಿ ಮುಳುಗುತ್ತಾನೆ.

ಮೂರನೆಯವು ಕಣ್ಣನ್ನೇ ಪರೀಕ್ಷಿಸುವ ಪ್ರಶ್ನೆಗಳು. ನನ್ನ ಅಭಿಪ್ರಾಯದಲ್ಲಿ ಇವೇ ಶ್ರೇಷ್ಠ. ಮಧ್ಯಾಹ್ನ ಸೂರ್ಯ ದಿನವೂ ನೆತ್ತಿಯ ಮೇಲೆ ಬರುತ್ತಾನೆಯೇ? ಬರುತ್ತಾನೆಂದು ನಾವೆಲ್ಲ ಹೇಳುತ್ತೇವೆ. ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿದರೆ, ನಮ್ಮ ನಾಡಿನಲ್ಲಿ ವರ್ಷಕ್ಕೆ ಎರಡೇ ದಿನ ನೆರಳು ಬುಡದಲ್ಲಿ ಅಡಗುತ್ತದೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಅದೂ ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂ ಕಾಲು ಕಳೆದ ಬಳಿಕ. ಈ ಕೋಲಿಗೆ ನಮ್ಮ ಜ್ಯೋತಿಃಶಾಸ್ತ್ರದಲ್ಲಿ ಶಂಕುವೆಂದು ಹೆಸರು. ಧ್ರುವನು ದಿಗಂತದಿಂದ ಎಷ್ಟು ಎತ್ತರದಲ್ಲಿದ್ದಾನೆ ಎಂಬುದು ಇನ್ನೊಂದು ಪ್ರಶ್ನೆ. ನೀಡಿದ ಕೈಯ ಮುಷ್ಟಿಯ ಅಗಲ ಸುಮಾರು ಹತ್ತು ಅಂಶ. ಬೆಂಗಳೂರಿನಲ್ಲಿ ಧ್ರುವನು ಹದಿಮೂರು ಅಂಶಗಳ ಸುಮಾರಿಗೆ, ಬೀದರಿನಲ್ಲಿ ಹದಿನೆಂಟರ ಸುಮಾರಿಗೆ ಕಾಣುತ್ತಾನೆ. ಆಯಾ ಊರಿನ ಅಕ್ಷಾಂಶವೂ ಅಷ್ಟೆ. ಮುಷ್ಟಿಯಿಂದ ಧ್ರುವನನ್ನು ಅಳೆದ ಬಾಲಕನು ಭೂಪಟದಲ್ಲಿ ತನ್ನ ಊರಿನ ಸ್ಥಾನವನ್ನು ತಾನೇ ಕಂಡುಕೊಂಡಂತಾಯಿತು.

ಆದ್ದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟು. ಹತ್ತು ಪ್ರಶ್ನೆಗಳಲ್ಲಿ ಹೆಸರು ಸಂಖ್ಯೆಗಳಿಗೆ ಮೂರು ಸಾಕು. ಅವುಗಳಲ್ಲಿಯೂ ವರ್ಷವನ್ನು ನಮೂದಿಸಿ ಕೇಳಬೇಕು. ಕಾರಣಕ್ಕೆ ಮೂರಿರಲಿ, ನೋಡಿ ಬರೆಯುವುದಕ್ಕೆ ನಾಲ್ಕಿರಲಿ. ಅವಕ್ಕೆ ಒಂದು ವಾರದ ಅವಧಿ ಕೊಡಬೇಕು. ಎದುರುನೋಡದ ಉತ್ತರ ಬಂದಾಗ ಅದನ್ನು ಹೊಡೆಯುವ ಮುನ್ನ ಒಮ್ಮೆ ಹೊರಗೆ ಹೋಗಿ ತಲೆಯೆತ್ತಿ ನೋಡಬೇಕು. ಶಾಲೆಗೆ ದೂರದರ್ಶಕವನ್ನು ಕೊಡಿಸಲು ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಮುಂದೆ ಬಂದರೆ ಅದು ಸ್ತುತ್ಯವೇ. ಆದರೆ ಅದಕ್ಕೂ ಮೊದಲು ಅಂಗಳದಲ್ಲಿ ಒಂದು ಶಂಕುವೂ, ರಾತ್ರಿ ಮಾಳಿಗೆಯ ಮೇಲೆ ದೀಪವಾರಿಸಿ ಮಕ್ಕಳೊಡನೆ ಕುಳಿತುಕೊಳ್ಳುವ ಒಬ್ಬ ಅಧ್ಯಾಪಕರೂ ಬೇಕು.

ಮಾಳಿಗೆಯ ಆ ರಾತ್ರಿಯ ಮರುದಿನ ಪ್ರಾರ್ಥನೆಯ ವೇಳೆಯಲ್ಲಿ ನಾನು ಎಲ್ಲರೆದುರು ನನ್ನ ತಪ್ಪನ್ನು ಹೇಳಿ, ಆ ಹುಡುಗನ ಅಂಕವನ್ನು ಅವನಿಗೆ ಹಿಂದಿರುಗಿಸಿದೆ. ಬಹುಮಾನದ ಪುಸ್ತಕ ಅದಾಗಲೇ ಬೇರೊಬ್ಬನ ಕೈಸೇರಿತ್ತು. ಅದನ್ನು ಮರಳಿ ಕೇಳುವುದು ಯುಕ್ತವಾಗಿರಲಿಲ್ಲ. ಹುಡುಗನು ನನ್ನಲ್ಲಿ ಬೇಡಿದ್ದು ಒಂದನ್ನೇ, ಆ ಚುಕ್ಕಿಯ ಹೆಸರನ್ನು. ಕರಿಹಲಗೆಯ ಮೇಲೆ “ಲುಬ್ಧಕ” ಎಂದು ಬರೆದು ತೋರಿಸಿದೆ. ಒತ್ತಕ್ಷರವನ್ನು ಸರಿಯಾಗಿ ನೋಡಿಕೊಂಡು, ತನ್ನ ಉತ್ತರಪತ್ರಿಕೆಯಲ್ಲಿ “ಹೆಸರು ತಿಳಿಯದು” ಎಂದಿದ್ದ ಕಡೆ ಅದನ್ನು ತಾನೇ ಬರೆದುಕೊಂಡನು.